ಚಾರ್ಮಾಡಿ ಘಾಟಿಯಲ್ಲಿ ಎಎಂಟಿ ಕಾರು: ಎರಡು ವರ್ಷದ ಅನುಭವ

ಮೂಡಿಗೆರೆಯಲ್ಲಿ ಹದಿನಾಲ್ಕು ವರ್ಷ ಮ್ಯಾನುಯಲ್ ಗೇರಿನ ಕಾರು ಓಡಿಸಿದವನು ನಾನು. ಎಡ ಮಂಡಿ ನೋವು ಶುರುವಾದ ಮೇಲೆ ಎಎಂಟಿ, ಅಂದರೆ ತಾನೇ ಗೇರ್ ಬದಲಿಸುವ ಕಾರು, ತಗೊಂಡೆ. ಈಗ 23,000 ಕಿ.ಮೀ. ಆಯ್ತು.

ಹಾಸನದ ಬಿ.ಎಂ. ರಸ್ತೆಯ ಟ್ರಾಫಿಕ್ಕಿನಲ್ಲಿ ಇದು ವರವೇ ಸರಿ. ಕ್ಲಚ್ ತುಳಿಯುವ ಕೆಲಸವೇ ಇಲ್ಲ.

ಘಾಟಿಯ ಕಥೆ ಬೇರೆ. ಎಎಂಟಿಯ ಒಳಗಿರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಆಕ್ಚುಯೇಟರ್ ಎಂಬ ಯಂತ್ರ ಮಾಡುತ್ತದೆ, ಅಷ್ಟೆ. ಹಾಗಾಗಿ ಹೇರ್‌ಪಿನ್ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಯುವಾಗ ಒಂದು ಗಳಿಗೆ ಎಳೆತವೇ ನಿಂತುಹೋಗುತ್ತದೆ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿದ್ದರೆ ಆ ಗಳಿಗೆ ಬಹಳ ಉದ್ದ. ಧರ್ಮಸ್ಥಳದಿಂದ ವಾಪಸ್ ಹತ್ತುವಾಗ ಲಿವರನ್ನು ಮ್ಯಾನುಯಲ್ ಮೋಡಿಗೆ ತಳ್ಳಿ, ತಿರುವಿಗೆ ಮೊದಲೇ ನಾನೇ ಗೇರ್ ಇಳಿಸಿಕೊಳ್ಳುತ್ತೇನೆ. ಇಳಿಜಾರಿನಲ್ಲೂ ಹಾಗೇ ಮಾಡಿ. ಎಂಜಿನ್ ಹಿಡಿತ ಸಿಗದಿದ್ದರೆ ಬ್ರೇಕ್ ಬಿಸಿಯಾಗಿಬಿಡುತ್ತದೆ. ಇನ್ನೊಂದು ಮಾತು: ಏರಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡೇ ಕಾರನ್ನು ನಿಲ್ಲಿಸಿಕೊಳ್ಳಬೇಡಿ, ಕ್ಲಚ್ ಸವೆಯುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ.

ಸಕಲೇಶಪುರದ ಭಾವನ ಹತ್ತಿರ ಇನ್ನೊಂದು ಬಗೆಯ ಆಟೊಮ್ಯಾಟಿಕ್, ಟಾರ್ಕ್ ಕನ್ವರ್ಟರ್ ಕಾರಿದೆ. ಎಂಜಿನ್ನಿನ ಶಕ್ತಿ ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟುವುದರಿಂದ ಎಳೆತ ನಿಲ್ಲುವ ಆ ಜರ್ಕ್ ಇಲ್ಲ. ಶಿರಾಡಿ ಘಾಟಿಯಲ್ಲಿ ಓಡಿಸಿ ನೋಡಿದೆ, ಬೆಣ್ಣೆಯ ಹಾಗೆ ಹತ್ತಿತು. ಬೆಲೆ ಜಾಸ್ತಿ, ಪೆಟ್ರೋಲೂ ತುಸು ಹೆಚ್ಚು ಕುಡಿಯುತ್ತದೆ. ಬೆಲ್ಟು, ಪುಲ್ಲಿಯ ಮೇಲೆ ನಡೆಯುವ ಸಿವಿಟಿ ಎಂಬ ಮತ್ತೊಂದು ಬಗೆಯ ಆಟೊಮ್ಯಾಟಿಕ್ಕನ್ನು ನಾನು ಓಡಿಸಿಲ್ಲ.

ನಮ್ಮ ಮನೆಯವಳಿಗೆ ಇವತ್ತಿಗೂ ಮ್ಯಾನುಯಲ್ಲೇ ಬೇಕು. ಮಳೆಗಾಲದಲ್ಲಿ ತೋಟದ ಕೆಸರಿನಿಂದ ಕಾರು ಎಬ್ಬಿಸಲು ಕ್ಲಚ್ ತನ್ನ ಕಾಲಡಿಯಲ್ಲೇ ಇರಬೇಕು ಅನ್ನುತ್ತಾಳೆ, ಅದು ನಿಜವೇ. ನನ್ನ ಮುಂದಿನ ಕಾರು ಮಾತ್ರ ಟಾರ್ಕ್ ಕನ್ವರ್ಟರೇ, ಸೆಕೆಂಡ್ ಹ್ಯಾಂಡ್ ಆದರೂ ಸರಿ.