ಡ್ರುಪಲ್ ಸರ್ಚ್: ಐದು ವರ್ಷ ಬಳಸಿದ ಮೇಲೆ

ವಿಜಯಪುರದ ಒಂದು ಸಣ್ಣ ವಾರಪತ್ರಿಕೆಯ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಐದು ವರ್ಷದಿಂದ ಡ್ರುಪಲ್ (ವೆಬ್‌ಸೈಟ್ ಕಟ್ಟಿ ನಡೆಸುವ ಉಚಿತ ಸಾಫ್ಟ್‌ವೇರ್) ಮೇಲಿದೆ, ಹಳೇ ಸಂಚಿಕೆಗಳನ್ನೂ ಅದರಲ್ಲೇ ಏರಿಸಿದ್ದೇವೆ. ಮಿಕ್ಕಿದ್ದಕ್ಕೆಲ್ಲ ನನ್ನ ತಕರಾರಿಲ್ಲ. ಜೊತೆಗೇ ಬರುವ ಸರ್ಚ್ ಬಗ್ಗೆ ಮಾತ್ರ ಹೇಳಬೇಕು.

ಒಂದಿನ ಸಂಪಾದಕರು ಪಕ್ಕದಲ್ಲಿ ಕೂತು, "ಗೋಳಗುಮ್ಮಟದ ಮ್ಯಾಲ ಹಳೇದೊಂದು ಲೇಖನ ಇತ್ತಲ್ಲಾ, ತೆಗಿ ನೋಡೂಣು" ಅಂದರು. ‘ಗೋಳಗುಮ್ಮಟ’ ಎಂದು ಹೊಡೆದೆ. ಏನೂ ಬರಲಿಲ್ಲ. ಲೇಖನದಲ್ಲಿದ್ದದ್ದು ‘ಗೋಲಗುಂಬಜಿನಲ್ಲಿ’!

ಈ ಸರ್ಚ್ ಇಡೀ ಪದವನ್ನೇ ಹೋಲಿಸುತ್ತದೆ. ‘ಗುಮ್ಮಟ’ ಕೇಳಿದರೆ ‘ಗುಮ್ಮಟದ’ ಕೂಡ ಸಿಗುವುದಿಲ್ಲ. ವಿಭಕ್ತಿ ಪದಕ್ಕೇ ಅಂಟಿಕೊಳ್ಳುವ ಕನ್ನಡಕ್ಕೆ ಇದು ದೊಡ್ಡ ತಲೆನೋವು. ನಮ್ಮ ಊರನ್ನೇ ನೋಡಿ. 2014ರ ನವೆಂಬರ್ 1ಕ್ಕೆ ಹೆಸರು ಬದಲಾಯಿತು. ಅದಕ್ಕೂ ಹಿಂದಿನ ಸುದ್ದಿಯಲ್ಲಿ ಬಿಜಾಪುರ, ಈಗ ವಿಜಯಪುರ, ಕೆಲವರ ಕೈಯಲ್ಲಿ ವಿಜಾಪುರ. ಒಂದೊಂದಕ್ಕೂ ‘ದ’, ‘ದಲ್ಲಿ’, ‘ಕ್ಕೆ’, ‘ದಿಂದ’ ಹಚ್ಚಿ ಎಣಿಸಿ, ಹನ್ನೆರಡಾಯಿತು ಅಲ್ವಾ?

ಪದಗಳ ನಡುವೆ ಇಂಗ್ಲಿಷಿನ ದೊಡ್ಡಕ್ಷರದ ‘OR’ (ಅಂದರೆ ‘ಅಥವಾ’) ಹಾಕಿ ಹನ್ನೆರಡನ್ನೂ ಒಟ್ಟಿಗೆ ಕೇಳೋಣ ಅಂದುಕೊಂಡೆ. ಅಲ್ಲಿ ಇನ್ನೊಂದು ಅಡ್ಡಿ. ಇಂಥ ಜೋಡಣೆಗೆ ಡ್ರುಪಲ್ ಇಟ್ಟಿರುವ ಮಿತಿ 7, ಮುಂದಿನದ್ದನ್ನು ಬಿಟ್ಟುಬಿಡುತ್ತದೆ. ಗೋಳಗುಮ್ಮಟದಲ್ಲೂ ಏಳೇ ಸಲ ಮರುದನಿ ಅಂತಾರೆ, ಅದು ಬೇರೆ ಮಾತು. ಉದ್ದುದ್ದ ಪ್ರಶ್ನೆ ಕಳಿಸಿ ಯಾರೂ ಸರ್ವರ್ ಕೆಡವದಿರಲಿ ಎಂದು ಇಟ್ಟ ಮಿತಿ ಇದು. ಸೆಟ್ಟಿಂಗ್ಸ್ ಪುಟದಲ್ಲಿ ಕಾಣುವುದಿಲ್ಲ, ಡ್ರಶ್ (ಡ್ರುಪಲ್‌ಗೆ ಟೈಪ್ ಮಾಡಿ ಆಜ್ಞೆ ಕೊಡುವ ಸಾಧನ) ಕಮಾಂಡಿನಿಂದ ಬದಲಿಸಬಹುದು. ನಾನು 15 ಮಾಡಿ ನೋಡಿದೆ. ಆದರೆ ಓದುಗರು ಯಾರು ಹನ್ನೆರಡು ಪದ ಹೊಡೆಯುತ್ತಾರೆ? ಮತ್ತೆ 7ಕ್ಕೇ ಇಳಿಸಿದೆ.

ಕೊನೆಗೆ ಕೈ ಹಿಡಿದದ್ದು ಒಂದು ಸುಲಭದ ಉಪಾಯ. ಪ್ರತಿ ಲೇಖನಕ್ಕೂ ‘ಹುಡುಕು ಪದ’ ಅಂತ ಒಂದು ಖಾನೆ ಸೇರಿಸಿದೆ. ಓದುವ ಪುಟದಲ್ಲಿ ಅದನ್ನು ಮರೆಮಾಡಿ, ಸರ್ಚ್ ಇಂಡೆಕ್ಸಿಗೆ (ಸರ್ಚ್ ನೋಡುವ ಪದಪಟ್ಟಿಗೆ) ಮಾತ್ರ ತೋರಿಸಿದೆ. ಊರಿನ ಮೂರೂ ಹೆಸರು, ಇಂಗ್ಲಿಷ್ ಸ್ಪೆಲ್ಲಿಂಗ್, ಗುಮ್ಮಟ, ಗುಂಬಜ್ ಎಲ್ಲ ಅಲ್ಲೇ. ಹಳೇ ಲೇಖನಗಳಿಗೆ ತುಂಬಿದ ಮೇಲೆ ಫಲಿತಾಂಶ ಬರಲು ಸ್ವಲ್ಪ ತಾಳ್ಮೆ ಬೇಕು. ಕ್ರಾನ್ (ಆಗಾಗ ತಾನಾಗೇ ಓಡುವ ಹಿನ್ನೆಲೆ ಕೆಲಸ) ಒಂದು ಸಲ ಓಡಿದರೆ 100 ಪುಟವಷ್ಟೇ ಇಂಡೆಕ್ಸ್ ಆಗುತ್ತದೆ, ನೀವೇ ಜಾಸ್ತಿ ಮಾಡದಿದ್ದರೆ.

ಹೊಸದಾಗಿ ಶುರು ಮಾಡುವವರು ಸುಮ್ನೆ ಸರ್ಚ್ ಎಪಿಐ ಅನ್ನೋ ಮಾಡ್ಯೂಲ್ (ಡ್ರುಪಲ್‌ಗೆ ಬೇರೆಯಾಗಿ ಸೇರಿಸುವ ಭಾಗ) ಹಾಕಿಕೊಳ್ಳಿ. ಪದದ ತುಂಡಿಗೂ ಹೋಲಿಸುವ ಆಯ್ಕೆ ಅದರಲ್ಲಿದೆ, ‘ಗುಮ್ಮಟ’ಕ್ಕೆ ‘ಗುಮ್ಮಟದ’ ಸಿಗುತ್ತದೆ. ಸ್ವಲ್ಪ ನಿಧಾನ, ಅಷ್ಟೇ. ಗುಂಬಜಿಗೆ ಮಾತ್ರ ಅಲ್ಲೂ ಖಾನೆಯೇ ಗತಿ.

ಐದಕ್ಕೆ ಮೂರು ಕೊಡುತ್ತೇನೆ. ವರದಿಗಾರರು ಆ ಖಾನೆ ತುಂಬುವುದೇ ಇಲ್ಲ. ಶುಕ್ರವಾರ ಸಂಜೆ ಚಹಾ ಇಟ್ಟುಕೊಂಡು ನಾನೇ ಕೂರುತ್ತೇನೆ.