ಸುರತ್ಕಲ್–ಸಸಿಹಿತ್ಲು, ಕಾಪು–ಮಲ್ಪೆ: ಗುಂಪು ಕಟ್ಟಿಕೊಂಡು ನಡೆಯಲು ಯಾವುದು ಸರಿ?

ತಲಪಾಡಿಯಿಂದ ಕಾರವಾರದಾಚೆಯ ಮಾಜಾಳಿಯವರೆಗೆ ನಮ್ಮ ಕರಾವಳಿ ಸುಮಾರು 320 ಕಿಲೋಮೀಟರ್. ಇದನ್ನು ಕಡಲ ಬದಿಯಲ್ಲೇ ನಡೆದು ಮುಗಿಸಬೇಕು ಅಂತ ನಮ್ಮ ಮನೆಯವರಿಗೆ ಒಂದು ಹುಚ್ಚು. ಒಂದೇ ಸಲಕ್ಕಲ್ಲ, ಬಿಡುವಾದ ಭಾನುವಾರ ಒಂದೊಂದು ತುಂಡು. ದಾರಿಗೆ ಬೋರ್ಡಿಲ್ಲ, ಗುರುತಿಲ್ಲ. ಸಮುದ್ರ ಎಡಕ್ಕಿದ್ದರೆ ಉತ್ತರಕ್ಕೆ ಹೋಗುತ್ತಿದ್ದೇವೆ ಅಂತ ಲೆಕ್ಕ.

ನಾವು 11 ಜನ. ಅದರಲ್ಲಿ ಇಬ್ಬರು ಮಕ್ಕಳು, ಮೊಣಕಾಲು ನೋವಿನ ದೊಡ್ಡಮ್ಮ, ಮತ್ತು ಯಾವಾಗಲೂ ಅರ್ಧ ಕಿಲೋಮೀಟರ್ ಮುಂದಿರುವ ಕಾಲೇಜು ಹುಡುಗರು. ಇಬ್ಬರೇ ಹೋಗುವವರಿಗೆ ನನ್ನ ಹೋಲಿಕೆ ಅಷ್ಟು ಉಪಯೋಗಕ್ಕೆ ಬರಲಿಕ್ಕಿಲ್ಲ.

ಮೊದಲು ಸುರತ್ಕಲ್. ದೀಪಸ್ತಂಭದ ಕೆಳಗೆ, ಸದಾಶಿವ ದೇವಸ್ಥಾನದ ಹತ್ತಿರ ಶುರು. ಮುಕ್ಕ ದಾಟಿ ಸಸಿಹಿತ್ಲುವಿನ ತುದಿಗೆ ಸುಮಾರು 8 ಕಿಲೋಮೀಟರ್. ಎಂಟೇ ಅಲ್ವಾ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹುಣ್ಣಿಮೆಯ ಮರುದಿನ ಬೆಳಗ್ಗೆ 8ಕ್ಕೆ ಹೊರಟೆವು. ತಪ್ಪಾಗಿದ್ದೇ ಅಲ್ಲಿ. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಉಬ್ಬರ ಜಾಸ್ತಿ. ಹತ್ತು ಗಂಟೆಗೆ ನೀರು ಏರಿ ಏರಿ, ಕಡಲ್ಕೊರೆತಕ್ಕೆ ಅಂತ ಹಾಕಿದ ಕರಿಕಲ್ಲಿಗೆ ಬಡಿಯತೊಡಗಿತು. ನಡೆಯಲು ಮರಳೇ ಉಳಿಯಲಿಲ್ಲ. ಮಕ್ಕಳಿಗೆ ಕಲ್ಲು ಹತ್ತುವುದು ಖುಷಿ. ದೊಡ್ಡಮ್ಮನನ್ನು ಇಬ್ಬರು ಕೈ ಹಿಡಿದು ದಾಟಿಸಬೇಕಾಯಿತು. ಕೊನೆಗೆ ತೋಟದ ಸಂದಿಯಲ್ಲಿ ಒಳರಸ್ತೆ ಹಿಡಿದೆವು. ಸಮುದ್ರ ನೋಡಲು ಹೊರಟವರು ಒಂದಷ್ಟು ದೂರ ಕಾಂಪೌಂಡ್ ಗೋಡೆ ನೋಡಿಕೊಂಡು ನಡೆದೆವು.

ಆದರೆ ತಪ್ಪು ನಮ್ಮದು, ಜಾಗದ್ದಲ್ಲ. ಅದಕ್ಕೇ ಇನ್ನೊಮ್ಮೆ ಉಬ್ಬರ ಕಡಿಮೆಯಿರುವ ಅಷ್ಟಮಿಯ ಹೊತ್ತಿಗೆ, ಉಬ್ಬರ–ಇಳಿತದ ಸಮಯ ನೋಡಿಕೊಂಡು ಹೋದೆವು. ಅದೇ ದಂಡೆ, ಗುರುತೇ ಸಿಗಲಿಲ್ಲ. ಒದ್ದೆ ಮರಳು ಅಂಗಳದ ಹಾಗೆ ಗಟ್ಟಿಯಾಗಿತ್ತು. ನನ್ನ ಅರ್ಧ ದೂರು ಅಲ್ಲಿಗೆ ಮುಗಿಯಿತು.

ಉಳಿದರ್ಧ ಸಸಿಹಿತ್ಲುವಿನದು. ಜಾಗ ಚಂದವೇ. ಗಾಳಿಮರ, ಬಿಳಿ ಮರಳು, ಶಾಂಭವಿ ಮತ್ತು ನಂದಿನಿ ಹೊಳೆಗಳು ಸೇರಿ ಸಮುದ್ರಕ್ಕೆ ಬೀಳುವ ಅಳಿವೆ. 2016ರಲ್ಲಿ ದೇಶದ ಸರ್ಫಿಂಗ್ ಸ್ಪರ್ಧೆ ನಡೆದದ್ದು ಇಲ್ಲೇ. ಅಲೆ ಅಷ್ಟು ಚೆನ್ನಾಗಿ ಏಳುತ್ತದೆ. ಅಳಿವೆಯಲ್ಲಿ ಸೆಳೆತವೂ ಅಷ್ಟೇ ಇದೆ, ಮಕ್ಕಳನ್ನು ಮಾತ್ರ ನೀರಿಗೆ ಬಿಡಬೇಡಿ. ಸಮಸ್ಯೆ ಏನೆಂದರೆ ದಾರಿ ಅಲ್ಲಿಗೆ ಮುಗಿಯುತ್ತದೆ. ಎದುರಿಗೆ ಹೆಜಮಾಡಿ ಕೋಡಿ ಕೈಗೆಟುಕುವ ಹಾಗೆ ಕಾಣುತ್ತದೆ, ಆದರೆ ನಡುವೆ ನೀರು. ವಾಪಸ್ ಹಳೆಯಂಗಡಿಗೆ ಬಂದೇ ಹೆದ್ದಾರಿ ಸೇರಬೇಕು. ನಾವು ಬಿಸಿಲಲ್ಲಿ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆವು. ಸುಸ್ತಾದ 11 ಜನಕ್ಕೆ ಆ ಮುಕ್ಕಾಲು ಗಂಟೆ ಎಂಟು ಕಿಲೋಮೀಟರ್‌ಗಿಂತ ಉದ್ದ.

ಕಾಪು–ಮಲ್ಪೆ ದೂರದಲ್ಲಿ ಜಾಸ್ತಿ, ಸುಮಾರು 14 ಕಿಲೋಮೀಟರ್. ಕಾಪುವಿನ ಬಂಡೆಯ ಮೇಲಿನ ದೀಪಸ್ತಂಭ 1901ರದ್ದು. ನಾವು ಬೆಳಗ್ಗೆ ಬೇಗ ಹೋಗಿದ್ದರಿಂದ ಬಾಗಿಲು ಹಾಕಿತ್ತು, ಕೆಳಗಿನಿಂದಲೇ ಕೈಮುಗಿದು ಹೊರಟೆವು. ಕೈಪುಂಜಾಲು ದಾಟಿ ಮಟ್ಟು ಬರುವ ಹೊತ್ತಿಗೆ ಎಡಗಾಲ ಪಾದ ನೋಯತೊಡಗಿತು. ದಂಡೆ ಕಡಲಿಗೆ ಇಳಿಜಾರು ತಾನೇ, ಉತ್ತರಕ್ಕೆ ನಡೆದರೆ ಎಡಗಾಲು ಯಾವಾಗಲೂ ತಗ್ಗಿನಲ್ಲಿ. ಆಗಾಗ ಮೇಲಿನ ರಸ್ತೆಗೆ ಹತ್ತಿ ನಡೆದರೆ ಸರಿಹೋಗುತ್ತದೆ. ಈ ದಾರಿಯ ದೊಡ್ಡ ಲಾಭವೂ ಆ ರಸ್ತೆಯೇ. ಹೆಚ್ಚುಕಮ್ಮಿ ಉದ್ದಕ್ಕೂ ದಂಡೆಯ ಪಕ್ಕದಲ್ಲೇ ಬರುತ್ತದೆ. ದೊಡ್ಡಮ್ಮ ಮಟ್ಟುವಿನಲ್ಲಿ ಆಟೋ ಹತ್ತಿದರು. ಪಡುಕೆರೆಯಲ್ಲಿ ಬೊಂಡ (ಎಳನೀರು) ಕುಡಿಯುತ್ತಾ ನಮಗಾಗಿ ಕಾಯುತ್ತಿದ್ದರು. ಮಡಿಲಲ್ಲಿ ಒಂದು ಚೀಲ ಮಟ್ಟುಗುಳ್ಳ ಬೇರೆ. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕ ಬದನೆ, ಅದರ ಊರಲ್ಲೇ ಕೊಂಡಿದ್ದಕ್ಕೆ ಅವರಿಗೆ ನಮಗಿಂತ ಹೆಚ್ಚು ಹೆಮ್ಮೆ.

ಪಡುಕೆರೆಯ ಹತ್ತಿರ ಕೈರಂಪಣಿ ಹಾಕಿದ್ದರು. ಹಿಂದಿನ ದೊಡ್ಡ ರಂಪಣಿ ಬಲೆಯ ಚಿಕ್ಕ ರೂಪ. ದೋಣಿ ಕಡಲಲ್ಲಿ ಅರ್ಧ ಸುತ್ತು ಹಾಕಿ ಬಲೆ ಬಿಡುತ್ತದೆ, ಎರಡೂ ತುದಿಯ ಹಗ್ಗ ದಡದಲ್ಲಿರುತ್ತದೆ, ಜನ ಸಾಲಾಗಿ ನಿಂತು ಎಳೆಯುತ್ತಾರೆ. ಒಬ್ಬರು ನಮ್ಮನ್ನು ನೋಡಿ, "ಎಂತ ಮಾರಾಯ್ರೆ, ಹರಕೆ ಉಂಟಾ ನಡೆದುಕೊಂಡು ಹೋಗ್ಲಿಕ್ಕೆ?" ಅಂದರು. ಇಲ್ಲ, ಸುಮ್ನೆ ಅಂದೆವು. "ಸುಮ್ನೆ ಆದ್ರೆ ಬನ್ನಿ, ಹಗ್ಗ ಹಿಡೀರಿ." ಕಾಲು ಗಂಟೆ ಎಳೆದಿದ್ದಕ್ಕೆ ಎರಡು ಮುಷ್ಟಿ ಬೂತಾಯಿ ಮೀನು ಕೊಟ್ಟರು. ಬೇಡ ಅನ್ನಲು ಮನಸ್ಸಾಗದೆ ನನ್ನ ಬ್ಯಾಗಿಗೇ ಹಾಕಿಕೊಂಡೆ. ಆ ಬ್ಯಾಗನ್ನು ಮೂರು ಸಲ ತೊಳೆದಾಯಿತು.

ಪಡುಕೆರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಉದ್ಯಾವರ ಹೊಳೆ, ನಡುವೆ ತೆಂಗಿನ ತೋಟ, ಮನೆ, ಒಣಗಲು ಹಾಕಿದ ಬಲೆ. ಬೆಳಗ್ಗೆ ತೆಂಗಿನ ನೆರಳು ದಂಡೆಯವರೆಗೂ ಚಾಚಿರುತ್ತದೆ. ಹನ್ನೊಂದರ ನಂತರ ಅದೂ ಇಲ್ಲ, ಟೊಪ್ಪಿ ಬೇಕೇ ಬೇಕು. ಕೊನೆಗೆ ಸೇತುವೆ ದಾಟಿದರೆ ಮಲ್ಪೆ. ಮೀನೂಟ, ಊಟ ಮುಗಿಸಿದ ಕೂಡಲೇ ಉಡುಪಿಗೆ ಬಸ್.

ಹಾಗಾಗಿ ಮಕ್ಕಳು, ಹಿರಿಯರು ಇದ್ದರೆ ದೂರ ನೋಡಿ ಹೆದರದೆ ಕಾಪು–ಮಲ್ಪೆಗೇ ಹೋಗಿ. ಬೇಕಾದಲ್ಲಿ ಬಿಡಬಹುದು, ಬೇಕಾದಲ್ಲಿ ಸೇರಬಹುದು. 14 ಜಾಸ್ತಿಯಾದರೆ ಮಟ್ಟುವಿನಿಂದಲೇ ಶುರು ಮಾಡಿ. ಮಂಗಳೂರಿನವರಿಗೆ ಅರ್ಧ ದಿನ ಮಾತ್ರ ಬಿಡುವಿದ್ದು, ಎಲ್ಲರ ಕಾಲೂ ಗಟ್ಟಿಯಿದ್ದರೆ ಸುರತ್ಕಲ್ ಸಾಕು, ಇಳಿತದ ಹೊತ್ತು ನೋಡಿಕೊಂಡು. ಹಿಂದಿರುಗಲು ಸಸಿಹಿತ್ಲುವಿನಲ್ಲಿ ಒಂದು ಗಾಡಿ ಮೊದಲೇ ನಿಲ್ಲಿಸಿರಿ.

ನಮ್ಮ ಮುಂದಿನ ತುಂಡು ಹೆಜಮಾಡಿ ಕೋಡಿಯಿಂದ ಕಾಪುವಿಗೆ. ದೊಡ್ಡಮ್ಮ ಬರುತ್ತಾರಂತೆ. ಆದರೆ ನಡುವೆ ಆಟೋ ಎಲ್ಲೆಲ್ಲಿ ಸಿಗ್ತದೆ ಅಂತ ಮೊದಲೇ ಬರೆದು ಕೊಡಬೇಕಂತೆ.