ತುಕ್ಕು ಹಿಡಿದ ಬ್ರೇಕಿಗೆ ಸಿಲಿಕೋನ್ ಗ್ರೀಸ್: ಬಳಸಿ ನೋಡಿ ಬರೆದದ್ದು

ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಬೊಲೆರೋ ಪಿಕಪ್ ಇಟ್ಟುಕೊಂಡವರು ಈ ಸಣ್ಣ ಟ್ಯೂಬ್ ಒಂದನ್ನು ತಂದಿಟ್ಟುಕೊಳ್ಳಿ. ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಬ್ರೇಕ್ ಪ್ಯಾಡ್ ಒತ್ತುವ ಭಾಗವೇ ಕ್ಯಾಲಿಪರ್, ಅದರ ಪಿನ್ನಿಗೆ ಹಚ್ಚುವ ಸಿಲಿಕೋನ್ ಗ್ರೀಸ್ ಇದು. ನಾನು ಆನ್‌ಲೈನಲ್ಲಿ ತರಿಸಿದ್ದು.

ನಮ್ಮಲ್ಲಿ ಜೂನ್ ಬಂತೆಂದರೆ ಬಿಡದ ಮಳೆ, ಕಡಲ ಹತ್ತಿರದವರಿಗೆ ಉಪ್ಪುಗಾಳಿ ಬೇರೆ. ರಾತ್ರಿ ಅಂಗಳದಲ್ಲಿ ನಿಂತ ಗಾಡಿಯ ಡಿಸ್ಕ್ ಬೆಳಿಗ್ಗೆ ಕೆಂಪಗಾಗಿರುತ್ತದೆ, ಅಲ್ವಾ? ಅದಕ್ಕೆ ಹೆದರಬೇಡಿ. ನಾಲ್ಕು ಸಲ ಬ್ರೇಕ್ ತುಳಿದರೆ ಪ್ಯಾಡೇ ಉಜ್ಜಿ ತೆಗೆಯುತ್ತದೆ. ತೊಂದರೆ ಇರುವುದು ಒಳಗೆ, ಕ್ಯಾಲಿಪರ್ ಜಾರುವ ಪಿನ್ನಿನಲ್ಲಿ. ಪಿನ್ನಿನ ರಬ್ಬರ್ ಹೊದಿಕೆ (ಬೂಟ್) ಹರಿದು ನೀರು ಹೋದರೆ ಪಿನ್ ಕಚ್ಚಿಕೊಳ್ಳುತ್ತದೆ. ಆಮೇಲೆ ಪ್ಯಾಡನ್ನು ತಳ್ಳುವ ಪಿಸ್ಟನ್ ಕಡೆಯ, ಅಂದರೆ ಒಳಗಿನ ಪ್ಯಾಡ್ ಮಾತ್ರ ದುಡಿಯುತ್ತದೆ, ಹೊರಗಿನದು ಸುಮ್ನೆ ಕೂತಿರುತ್ತದೆ.

ನಮ್ಮ ಗಾಡಿಯಲ್ಲೂ ಅದೇ ಆಗಿತ್ತು. ಕೆಂಪುಕಲ್ಲು ತುಂಬಿಕೊಂಡು ಜಾಲ್ಸೂರು ರಸ್ತೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಬಲಕ್ಕೆ ಎಳೆಯುತ್ತಿತ್ತು. ಎಡಗಡೆ ಬಿಚ್ಚಿ ನೋಡಿದರೆ ಒಳಗಿನ ಪ್ಯಾಡ್ ಸವೆದು ಹಿಂದಿನ ತಗಡಿನ ಹತ್ತಿರ ಬಂದಿದೆ, ಹೊರಗಿನದು ಅರ್ಧಕ್ಕಿಂತ ಜಾಸ್ತಿ ಹಾಗೇ ಇದೆ. ಪಿನ್ನಿನ ಮೇಲೆ ಹಳೆ ಗ್ರೀಸ್ ಪಾಕ ಕೆಟ್ಟ ಬೆಲ್ಲದ ಹಾಗೆ ಗಟ್ಟಿಯಾಗಿ ಅಂಟಿತ್ತು. ವೈರ್ ಬ್ರಷ್‌ನಿಂದ ಉಜ್ಜಿ, ಬ್ರೇಕ್ ಕ್ಲೀನರ್ ಹೊಡೆದು ಒರೆಸಿ, ಹೊಸ ಬೂಟ್ ಹಾಕಿ ಈ ಗ್ರೀಸನ್ನು ತೆಳ್ಳಗೆ ಸವರಿದೆ. ಬೆರಳಲ್ಲಿ ಒತ್ತಿದರೆ ಪಿನ್ ಸಲೀಸಾಗಿ ಒಳಗೆ ಹೋಗಿ ಹೊರಗೆ ಬರಬೇಕು. ಈಗ ಬರುತ್ತಿದೆ. ಎರಡೂ ಬದಿಗೆ ಹೊಸ ಪ್ಯಾಡ್ ಹಾಕಿದ ಮೇಲೆ ಎಳೆತ ನಿಂತಿದೆ, ಒಂದು ಇಡೀ ಮಳೆಗಾಲ ಕಳೆದು ಮತ್ತೆ ಬಿಚ್ಚಿದಾಗಲೂ ಗ್ರೀಸ್ ಒಣಗಿರಲಿಲ್ಲ, ನೀರಿಗೆ ತೊಳೆದೂ ಹೋಗಿರಲಿಲ್ಲ.

ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಸಾಲದೇ ಅಂತ ತುಂಬ ಜನ ಕೇಳುತ್ತಾರೆ. ಸಾಲದು. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಬ್ರೇಕಿನ ರಬ್ಬರ್ ಉಬ್ಬುತ್ತದೆ, ಪಿನ್ ಮತ್ತೆ ಬಿಗಿಯಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯನ್ನೂ ಬೋಲ್ಟಿಗೆ ಮಾತ್ರ ಹೊಡೆಯಿರಿ, ಡಿಸ್ಕಿಗೂ ಪ್ಯಾಡಿಗೂ ಒಂದು ಹನಿ ತಾಗಬಾರದು. ಈ ಗ್ರೀಸಿಗೂ ಅದೇ ಮಾತು.

ಮನೆಯಲ್ಲೇ ಮಾಡುವುದಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ, ಹಿಂದಿನ ಚಕ್ರಕ್ಕೆ ಕಲ್ಲು ಇಡಿ. ಕ್ಯಾಲಿಪರನ್ನು ಹೋಸಿನಲ್ಲಿ ನೇತು ಬಿಡದೆ ಸರಿಗೆಯಲ್ಲಿ ಕಟ್ಟಿ. ಪಿಸ್ಟನ್ ಹಿಂದೆ ತಳ್ಳುವಾಗ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮೇಲೆ ಬರುತ್ತದೆ, ಚೆಲ್ಲಿದರೆ ಪೇಂಟ್ ಹಾಳು.

ಟ್ಯೂಬಿನ ಮುಚ್ಚಳ ಮಾತ್ರ ಕಳಪೆ, ಎರಡನೇ ಸಲ ತೆಗೆಯುವಾಗಲೇ ಬಿರುಕು ಬಿಟ್ಟಿತು. ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇನೆ. ಅದಕ್ಕೇ ಐದರಲ್ಲಿ ನಾಲ್ಕು. ಡಿಸ್ಕ್ ಮೇಲೆ ಅಚ್ಚೊತ್ತಿದ ಕನಿಷ್ಠ ದಪ್ಪಕ್ಕಿಂತ ಸವೆದಿದ್ದರೆ ಯಾವ ಗ್ರೀಸೂ ಬೇಡ, ಡಿಸ್ಕನ್ನೇ ಬದಲಾಯಿಸಿ. ಮತ್ತೆ, ಚಕ್ರ ಹಾಕಿದ ಮೇಲೆ ಪೆಡಲ್ ಗಟ್ಟಿಯಾಗುವವರೆಗೆ ತುಳಿಯದೆ ಗಾಡಿ ಅಂಗಳ ದಾಟಿಸಬೇಡಿ.